ಸ್ವರ್ಗದ ಬಾಗಿಲಿಗೊಂದು ಬೊಟ್ಟು

ಮನೆಯೊಡತಿಯ ಹತ್ತಿರ ಬರಿಗೈಯಲ್ಲಿ ಮಾತಾಡಬಾರದು ಎಂಬ ಒಂದೇ ನಂಬಿಕೆಯಿಂದ ಸುಧೀರನ ಶನಿವಾರ ಕೆಟ್ಟಿತು.

ಗೋಥೆನ್‌ಬರ್ಗಿನಲ್ಲಿ ಬಾಡಿಗೆ ಮನೆಗೆ ಹೆಸರು ಬರೆಸಿದವನಿಗೆ ಸರದಿ ಬರುವಷ್ಟರಲ್ಲಿ ತಲೆ ನೆರೆತಿರುತ್ತದೆ. ಸುಧೀರನಿಗೆ ಸಿಕ್ಕಿದ್ದ ಫ್ಲ್ಯಾಟಿನಿಂದ ಲಿಂಡ್‌ಹೋಲ್ಮೆನ್‌ನ ಆಫೀಸಿಗೆ ಒಂದು ದೋಣಿ ಹಿಡಿದರೆ ಸಾಕು. ಫ್ಲ್ಯಾಟಿನ ಒಡತಿ ಉಲ್ಲಾ ನಿವೃತ್ತ ಶಿಕ್ಷಕಿ, ದೂರದ ಹಳ್ಳಿಯಲ್ಲಿದ್ದಳು. ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವುದೋ, ತಾನೇ ಬಂದಿರುವುದೋ ಎಂಬುದನ್ನು ಶನಿವಾರ ಮಧ್ಯಾಹ್ನ ಫಿಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಗೆ, ಬಂದು ಹೇಳುತ್ತೇನೆ ಎಂದಿದ್ದಳು.

ಸುಧೀರ್ ಬೆಳಿಗ್ಗೆಯೇ ಹಳೇ ಸಾಮಾನಿನ ಅಂಗಡಿಯಿಂದ ಉಡುಗೊರೆಗೆಂದು ಒಂದು ಚಿತ್ರ ಹೊತ್ತು ತಂದ. ಹತ್ತೊಂಬತ್ತನೇ ಶತಮಾನದ ಅಮೆರಿಕದ ತೈಲಚಿತ್ರವೊಂದರ ಪ್ರತಿ. ಗಾಜು, ಚಿನ್ನದ ಬಣ್ಣದ ಚೌಕಟ್ಟು. ಒಂದು ಕಡೆ ಬೆಳಕು ಸುರಿಯುವ ತೋಟ, ಇನ್ನೊಂದು ಕಡೆ ಜಲಪಾತ, ನಡುವೆ ಬಂಡೆಯ ಹೆಬ್ಬಾಗಿಲು. ಅದರ ಮುಂದೆ ಕಡಲೆಕಾಳಿನಷ್ಟು ಗಾತ್ರದ ಗಂಡು, ಹೆಣ್ಣು.

"ಇವರ‍್ಯಾರು ರೀ?" ಎಂದಳು ಹೆಂಡತಿ ಶ್ರಾವಣಿ.

"ವಾಕಿಂಗ್ ಕಣೇ. ಇಲ್ಲಿಯವರಿಗೆ ವೀಕೆಂಡ್ ಕಾಡು ಸುತ್ತದೇ ಇದ್ರೆ ಊಟ ಸೇರಲ್ಲ."

ಮೇಲ್ಮನೆಯ ಲಾವಣ್ಯಾ ಫೋನಿನ ದಿಕ್ಸೂಚಿ ಹಿಡಿದು ಇಳಿದು ಬಂದಳು. "ನೀರು ಒಳಮುಖ ಇದೆ, ವಾಸ್ತು ಸೂಪರ್! ಫಸ್ಟ್ ನಾರ್ತ್ ವಾಲ್‌ಗೆ ಹಾಕಿ, ಆಂಟಿ ಸೈನ್ ಮಾಡಿದ್ಮೇಲೆ ಕೊಡಿ."

ಕೆಳಮನೆಯ ಸುಹೈಲ್ ಡ್ರಿಲ್ ತಂದ. ಮೊಳೆಯಷ್ಟು ತೂತು ಕೊರೆಯಲು ಹೋಗಿ ತೆಂಗಿನಕಾಯಿಯಷ್ಟು ಗಾರೆ ಕಿತ್ತ. ಹೇಗೋ ಚಿತ್ರ ನೇತುಹಾಕಿ, ಹಿಂದೆ ಸರಿದು ನೋಡಿದವನು ಬಾಯಿ ಕಳೆದ.

"ಲೋ ಮಾರಾಯ, ಇದು ಆದಮ್-ಹವ್ವಾ ಅಲ್ವಾ? ಹಣ್ಣು ತಿಂದಿದ್ದಕ್ಕೆ ಸ್ವರ್ಗದ ತೋಟದಿಂದ ಹೊರಗೆ ಹಾಕಿದ್ದು. ಬೈಬಲ್‌ನಲ್ಲೂ ಇದೆ, ನಮ್ಮಲ್ಲೂ ಇದೆ. ಪ್ರಪಂಚದಲ್ಲಿ ಮನೆ ಖಾಲಿ ಮಾಡಿಸಿದ ಫಸ್ಟ್ ಕೇಸ್! ಅದನ್ನ ಓನರ್‌ಗೇ ಗಿಫ್ಟ್ ಕೊಡ್ತೀಯಾ?"

ಸುಧೀರನ ಮುಖ ಉಪ್ಪು ಮರೆತ ಉಪ್ಪಿಟ್ಟಿನಂತಾಯಿತು. "ಇಳಿಸ್ರೋ ಅದನ್ನ!"

"ಇಳಿಸಿದ್ರೆ ತೂತು ಕಾಣತ್ತೆ," ಎಂದಳು ಲಾವಣ್ಯಾ.

ಕರೆಗಂಟೆ ಹೊಡೆಯಿತು. ಶ್ರಾವಣಿ ಹಣೆಯ ದೊಡ್ಡ ಕಂದು ಬೊಟ್ಟು ಕಿತ್ತು ಗಾಜಿನ ಮೇಲೆ ಒತ್ತಿದಳು. ಆದಮ್, ಹವ್ವಾ ಇಬ್ಬರೂ ಮಾಯ. ಅಲ್ಲೊಂದು ದುಂಡು ಬಂಡೆ. ಮೊದಲಿಗಿಂತ ಚಿತ್ರ ಸುಧಾರಿಸಿದೆ ಎಂದೇ ಸುಧೀರನಿಗೆ ಅನ್ನಿಸಿತು. ಅಂಗಿ ಸರಿಮಾಡಿಕೊಂಡು ಬಾಗಿಲು ತೆರೆದ.

ಉಲ್ಲಾ ಕೋಡುಬಳೆ ಮುರಿಯುತ್ತಾ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು: "ನನ್ನ ಅಜ್ಜಿಯ ಮನೆಯಲ್ಲೂ ಇಂಥದ್ದೇ ಇತ್ತು. ಅದರಲ್ಲಿ ತೋಟದಿಂದ ಹೊರಬಿದ್ದ ಇಬ್ಬರಿದ್ದರು. ಚಿಕ್ಕವಳಿದ್ದಾಗ ಅವರಿಗಾಗಿ ಅಳುತ್ತಿದ್ದೆ. ನಿಜ ಹೇಳಲಾ? ನನಗೆ ಈ ಮನೆಗೆ ವಾಪಸು ಬರಲು ಆಸೆ. ಆದರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಇಬ್ಬರೇ ಕಣ್ಣಮುಂದೆ. ನಿಮ್ಮನ್ನು ಹಾಗೆ ಹೇಗೆ ಕಳಿಸಲಿ? ಕರಾರು ಮುಂದುವರಿಸಿಬಿಡೋಣ ಎಂದುಕೊಂಡೇ ಮೆಟ್ಟಿಲು ಹತ್ತಿದೆ."

ಸುಧೀರ್ ಗೆದ್ದವನಂತೆ ಸುಹೈಲನ ಕಡೆ ನೋಡಿದ.

"ಆದರೆ ನೀವು ಆ ಇಬ್ಬರಿಲ್ಲದ ಚಿತ್ರವನ್ನೇ ಹುಡುಕಿ ಹಾಕಿದ್ದೀರಿ! ಯಾರನ್ನೂ ಹೊರಗೆ ಹಾಕಬೇಕಿಲ್ಲ, ನಾವೇ ಹೊರಡುತ್ತೇವೆ ಎಂದು ಎಷ್ಟು ನಯವಾಗಿ ಹೇಳಿದಿರಿ. ಬಾಯಿ ಬಿಟ್ಟು ಕೇಳುವ ಸಂಕಟ ತಪ್ಪಿಸಿದಿರಿ."

ಬೊಟ್ಟು ಕೀಳಲು ಸುಧೀರ್ ಕೈ ಎತ್ತಿದ. ಉಲ್ಲಾ ಆ ಕೈಯನ್ನೇ ಹಿಡಿದು ಕುಲುಕಿದಳು.

"ಚಿತ್ರ ಇಲ್ಲೇ ಇರಲಿ. ಮುಂದಿನ ತಿಂಗಳಿಂದ ದಿನಾ ನೋಡುತ್ತೇನೆ," ಎಂದು ಕಣ್ಣೊರೆಸಿಕೊಂಡು ಹೊರಟೇಬಿಟ್ಟಳು.

ಬಾಗಿಲು ಮುಚ್ಚಿದ ಸದ್ದಿಗೆ ಬೊಟ್ಟು ಉದುರಿತು. ಆದಮ್, ಹವ್ವಾ ತಲೆ ತಗ್ಗಿಸಿಕೊಂಡು ನಡೆಯುತ್ತಲೇ ಇದ್ದರು.

"ವಾಸ್ತು ಸೂಪರ್ ಅಂದೆ ತಾನೇ?" ಲಾವಣ್ಯಾ ಗೊಣಗಿದಳು. "ಓನರ್‌ಗೆ ವರ್ಕ್ ಆಯ್ತು."

ಶ್ರಾವಣಿ ಬೊಟ್ಟನ್ನು ಎತ್ತಿ ಹಣೆಗೆ ಅಂಟಿಸಿಕೊಂಡಳು. ಚಿತ್ರವನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟಳು.

"ಅವರೇ ವಾಸಿ ರೀ. ಗ್ರೈಂಡರ್ ಹೊರೋದು ಇರಲಿಲ್ಲ."