ಕೈ ಮುಗಿದು ಕಾರು ನಡೆಸಿದ್ದು

ಅಪಘಾತ ಎನ್ನುವುದು ಅವಸರದ ಜನರಿಗೆ ಆಗುವಂಥದ್ದು, ನನ್ನಂಥ ನಿಧಾನಸ್ಥನ ಹತ್ತಿರ ಅದು ಸುಳಿಯುವುದೂ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ವಿಲಾಯತಿಗೆ ವಾಪಸು ಹೊರಟ ದೊರೆಯೊಬ್ಬನ ಪುಟ್ಟ ಕಾರನ್ನು ನಾನು ಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು. ಮುಂಬಯಿಯ ದಾದರಿನ ಬೀದಿಗಳಲ್ಲಿ ಸೈಕಲ್ಲಿನವರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಕೈಗಾಡಿಯವರು ದಾಟಿಕೊಂಡು ಹೋಗುತ್ತಿದ್ದರು. ಒಮ್ಮೆ ಒಂದು ಶವಯಾತ್ರೆಯೂ ದಾಟಿಕೊಂಡು ಹೋಯಿತು! ಇಷ್ಟು ಸುರಕ್ಷಿತವಾಗಿ ಕಾರು ನಡೆಸುವವನು ನಮ್ಮ ಚಾಳಿನಲ್ಲಿ ಇನ್ನೊಬ್ಬನಿರಲಿಲ್ಲ. ಏಕೆಂದರೆ ಚಾಳಿನಲ್ಲಿ ಇನ್ನೊಬ್ಬರ ಬಳಿ ಕಾರೇ ಇರಲಿಲ್ಲ.

ಹೀಗಿರುವಾಗ ಧಾರವಾಡದಿಂದ ನನ್ನ ಮಾವನವರು ಕಿರಿಯ ಮಗಳು ಶಾಂತೆಯನ್ನು ಕರೆದುಕೊಂಡು ಬಂದರು. ಜೋಗೇಶ್ವರಿಯ ದೇಸಾಯರ ಮಗನಿಗೆ ಅವಳನ್ನು ತೋರಿಸಬೇಕಿತ್ತು. ಹುಡುಗನ ಅಜ್ಜಿ ಹಾಸಿಗೆ ಬಿಟ್ಟು ಏಳಲಾರದವರು. ಆದ್ದರಿಂದ ಹುಡುಗಿಯನ್ನೇ ಅಲ್ಲಿಗೆ ಕರೆತರಬೇಕೆಂದು ಮಾತಾಗಿತ್ತು. ಒಳ್ಳೆಯ ಮನೆತನ, ಒಳ್ಳೆಯ ಹುಡುಗ. ಹಿಂದೆ ಬಂದ ಸಂಬಂಧಗಳೆಲ್ಲ ಒಂದಿಲ್ಲೊಂದು ಕಾರಣಕ್ಕೆ ಮುರಿದಿದ್ದವು. ಇದೂ ತಪ್ಪಿದರೆ ಮಾವನವರು ಹುಬ್ಬಳ್ಳಿಯ ಒಬ್ಬ ಎರಡನೇ ಸಂಬಂಧದ ವರನಿಗೆ ಹೂಂ ಅಂದುಬಿಡುತ್ತಾರೆ ಎಂದು ನನ್ನ ಹೆಂಡತಿ ಸುಶೀಲೆಗೆ ಹೆದರಿಕೆ. ತಂಗಿಯ ಮೇಲೆ ಅವಳಿಗೆ ಜೀವ.

ಮಾವನವರು ಬಂದ ದಿನವೇ ನನ್ನ ಖಾಲಿ ಹಣೆ ನೋಡಿ, ಮುಂಬಯಿ ನೀರು ಕುಡಿದು ಅಳಿಯ ದೇವರು ದಿಂಡರನ್ನು ಮರೆತಿದ್ದಾನೆ ಎಂದು ಮಗಳ ಮುಂದೆ ನೊಂದುಕೊಂಡರಂತೆ. ನನಗೂ ರೋಷ ಬಂತು. ಜೋಗೇಶ್ವರಿಯ ಪ್ರಯಾಣದಲ್ಲಿ ನನ್ನ ಭಕ್ತಿಯನ್ನೂ ಚಾಲನಾ ಕೌಶಲ್ಯವನ್ನೂ ಒಟ್ಟಿಗೇ ಸಾಬೀತುಪಡಿಸಿ ತೋರಿಸುವುದೆಂದು ನಿಶ್ಚಯಿಸಿದೆ. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು!

ಸುಶೀಲೆ ಮಾತ್ರ ಲೋಕಲ್ ರೈಲಿನಲ್ಲೇ ಹೋಗೋಣ, ದಾದರಿನಲ್ಲಿ ಹತ್ತಿದರೆ ಜೋಗೇಶ್ವರಿಯಲ್ಲಿ ಇಳಿಯಬಹುದು ಎಂದು ಹೇಳಿ ನೋಡಿದಳು. ಮನೆಯ ಮುಂದೆ ಕಾರಿರುವಾಗ ಕನ್ಯೆಯನ್ನು ಲೋಕಲ್‌ನಲ್ಲಿ ನೂಕಾಡಿಸಿಕೊಂಡು ಕರೆದೊಯ್ದರೆ ಗಂಡಿನ ಕಡೆಯವರು ನಮ್ಮನ್ನು ಏನೆಂದು ತಿಳಿದಾರು ಎಂದು ನಾನು ಅವಳಿಗೆ ತಿಳಿಹೇಳಿದೆ. ಏನೆಂದು ತಿಳಿದರು ಎನ್ನುವುದು ಮುಂದೆ ಬರುತ್ತದೆ.

ಮಾವನವರು ಹೊಸ ರುಮಾಲು ಸುತ್ತಿಕೊಂಡು ನನ್ನ ಪಕ್ಕದಲ್ಲಿ ಕೂತರು. ಅಕ್ಕ ತಂಗಿ ಹಿಂದೆ ಕೂತರು. ದಾದರು ದಾಟುವ ಮೊದಲೇ ಒಂದು ಗಣಪತಿ ಗುಡಿ ಬಂತು. ನಾನು ಸ್ಟೇರಿಂಗಿನಿಂದ ಬಲಗೈ ತೆಗೆದು ಎದೆಗೆ ಮುಟ್ಟಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡೆ. ಮಾವನವರು ಓರೆಗಣ್ಣಿನಲ್ಲಿ ನನ್ನನ್ನು ನೋಡಿ ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಂತೋಷ ತಡೆಯಲಾರದೆ ಹಿಡಿದುಕೊಂಡರೆಂದು ನಾನು ತಿಳಿದೆ.

ಮುಂದಿನ ಗುಡಿ ಬಲಗಡೆಗಿತ್ತು. ಭಕ್ತಿ ಸ್ವಲ್ಪ ಹತ್ತಿರದಿಂದಲೇ ತಲುಪಲಿ ಎಂದು ಕಿಟಕಿಯಿಂದ ಕೈ ಹೊರಗೆ ಚಾಚಿ ನಮಸ್ಕರಿಸಿದೆ. ಕಾರನ್ನು ಬಲಕ್ಕೆ ತಿರುಗಿಸುವವರು ಹೀಗೆಯೇ ಕೈ ಚಾಚಿ ಹಿಂದಿನವರಿಗೆ ಸೂಚನೆ ಕೊಡಬೇಕೆಂಬುದು ನಿಯಮ. ಹಿಂದಿದ್ದ ಟ್ಯಾಕ್ಸಿಯವನು ನನಗೆ ದಾರಿ ಬಿಡಲೆಂದು ಗಕ್ಕನೆ ಬ್ರೇಕು ಹಾಕಿದ. ಅವನ ಹಿಂದಿನವನೂ ಹಾಕಿದ. ನಾನು ಮಾತ್ರ ನೆಟ್ಟಗೆ ಹೋದೆ. ಟ್ಯಾಕ್ಸಿಯವನು ನನ್ನ ಪಕ್ಕಕ್ಕೆ ಬಂದು, "ಸೇಠ್, ಮುಡ್ನಾ ಹೈ ಯಾ ಪೂಜಾ ಕರ್ನಾ ಹೈ?" ಎಂದು, ತಿರುಗಬೇಕೋ ಪೂಜೆ ಮಾಡಬೇಕೋ ಎಂದು ಕೇಳಿದ. ಏನಂತೆ ಎಂದರು ಮಾವನವರು. ದಾರಿ ಕೇಳುತ್ತಿದ್ದಾನೆ ಎಂದೆ.

ಮಾಹೀಮಿನಲ್ಲಿ ಚರ್ಚು ಬಂತು, ದರ್ಗಾ ಬಂತು. ದೇವರಲ್ಲಿ ಭೇದವೆಣಿಸುವ ಕ್ಷುದ್ರ ಮನಸ್ಸು ನನ್ನದಲ್ಲ. ಎರಡಕ್ಕೂ ಕೈ ಎತ್ತಿದೆ. ಸಾಂತಾಕ್ರೂಜಿನ ಬಳಿ ನಾನು ಗೋಪುರವೆಂದು ನಮಸ್ಕರಿಸಿದ್ದು ನೀರಿನ ಟಾಕಿ ಎಂದು ಸುಶೀಲೆ ಹಿಂದಿನಿಂದ ತಿಳಿಸಿದಳು. ವರುಣದೇವ ಎಂದೆ. ಆಗ ಅವಳು ಮುಂದಕ್ಕೆ ಬಾಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

"ರೀ, ನಿಮ್ಮ ಕೈ ಸ್ಟೇರಿಂಗ್ ಮ್ಯಾಲ ಇರಲಿ. ನಿಮ್ಮ ಪಾಲಿಂದೂ ನಾನೇ ಮುಗೀತೀನಿ."

ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಪಾಲುಂಟು, ಹೆಂಡತಿಯ ಪುಣ್ಯದಲ್ಲಿ ಗಂಡನಿಗೆ ಪಾಲಿಲ್ಲ ಎಂದು ಶಾಸ್ತ್ರ ಹೇಳಿ ಅವಳ ಬಾಯಿ ಮುಚ್ಚಿಸಿದೆ. ಈ ಶಾಸ್ತ್ರ ಎಲ್ಲಿಯದೋ ನನಗೆ ಇಂದಿಗೂ ನೆನಪಾಗಿಲ್ಲ.

ಜೋಗೇಶ್ವರಿಯಲ್ಲಿ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದೆವು. ಇಳಿಜಾರಿನ ದಾರಿ. ಒಂದು ಬದಿಗೆ ಎಮ್ಮೆ ಕಟ್ಟಿ ಹಾಲು ಮಾರುವ ತಬೇಲಾ, ಇನ್ನೊಂದು ಬದಿಗೆ ಅರಳಿಮರದ ಕೆಳಗೆ ದೇವಿಯ ಗುಡಿ. ಒಳಗೆ ಆರತಿಯ ಗಂಟೆ ಬಾರಿಸುತ್ತಿತ್ತು. ದೇಸಾಯರ ಮನೆ ಇನ್ನೇನು ಬಂತು. ಶಾಂತೆಯ ಕೆಲಸ ಹೂವೆತ್ತಿದ ಹಾಗೆ ಆಗಲಿ ಎಂದು ಇಲ್ಲಾದರೂ ಒಂದು ಪೂರ್ತಿ ನಮಸ್ಕಾರ ಆಗಲೇಬೇಕು ಅನ್ನಿಸಿತು. ಎರಡೂ ಕೈ ಜೋಡಿಸಿದೆ. ಜೋಡಿಸಿದವನು ಕಣ್ಣನ್ನೂ ಮುಚ್ಚಿದೆ!

ಶ್ಲೋಕದ ಮೊದಲ ಸಾಲು ಮುಗಿದಿರಲಿಲ್ಲ. ಸುಶೀಲೆ ಕಿಟಾರನೆ ಕಿರುಚಿದಳು. ಕಣ್ಣು ಬಿಟ್ಟರೆ ಎದುರಿಗೆ ಧೋತರ, ಕರಿ ಕೋಟು, ಕೈಯಲ್ಲಿ ಹಾಲಿನ ತಂಬಿಗೆ. ಇವೆಲ್ಲದರೊಳಗೆ ಒಬ್ಬ ಹಿರಿಯರು. ಸ್ಟೇರಿಂಗನ್ನು ಎಳೆದು ತಿರುಗಿಸಿದೆ. ಅವರು ಆಚೆ ಹಾರಿದರು, ಹಾಲು ಮೇಲೆ ಹಾರಿತು, ಕಾರು ತಬೇಲಾದ ಸಗಣಿಯ ಗುಡ್ಡೆಯೊಳಗೆ ಹೊಕ್ಕು ನಿಂತಿತು.

ನಗೆಮಾತು ಒತ್ತಟ್ಟಿಗಿರಲಿ. ಒಂದು ಗೇಣು ಈಚೆಗಾಗಿದ್ದರೆ ಹಾಲಿನ ಜೊತೆಗೆ ಆ ಮನುಷ್ಯರೂ ರಸ್ತೆಯಲ್ಲಿ ಬಿದ್ದಿರುತ್ತಿದ್ದರು. ಆಮೆಯ ಹಾಗೆ ಹೋಗುವ ಕಾರೂ ಒಂದು ಜೀವ ತೆಗೆಯಬಲ್ಲದು ಎಂಬುದು ಅಲ್ಲಿಯತನಕ ನನಗೆ ಹೊಳೆದಿರಲೇ ಇಲ್ಲ. ನಾನು ಸ್ಟೇರಿಂಗನ್ನು ಹಿಡಿದುಕೊಂಡೇ ಕೂತಿದ್ದೆ. ಬೇಕಾದಾಗ ಹಿಡಿಯದ ಕೈ ಈಗ ಬಿಡು ಎಂದರೂ ಬಿಡಲೊಲ್ಲದು.

ನಮ್ಮೆಲ್ಲರಿಗಿಂತ ಮೊದಲು ಇಳಿದವಳು ಶಾಂತೆ. ಹೊಸ ಸೀರೆಯ ಅಂಚು ಸಗಣಿಯಲ್ಲಿ ಎಳೆದಾಡುತ್ತಿದ್ದರೂ ಓಡಿಹೋಗಿ, ಪೆಟ್ಟಾಯಿತೇ ಎಂದು ಅವರನ್ನು ಕೇಳಿ, ಉರುಳಿದ ತಂಬಿಗೆಯನ್ನು ಎತ್ತಿಕೊಂಡು ಬಂದಳು. ಮಾವನವರು ರುಮಾಲು ಸರಿಮಾಡಿಕೊಂಡು ಕೆಳಗಿಳಿದು, ನನ್ನ ಕಡೆ ತಿರುಗಿದರು.

"ನಾವು ಟಾಂಗಾದಾಗ ಕೂತು ಕೈ ಮುಗೀತೀವಿ, ಖರೆ. ಅಲ್ಲೆ ಕುದುರಿಗೆ ಕಣ್ಣ ಇರ್ತಾವ, ಅಳಿಯಂದ್ರ. ನಿಮ್ಮ ಮೋಟಾರಿಗೆ ಯಾರ ಕಣ್ಣು?"

ಅಷ್ಟರಲ್ಲಿ ಹಾಲಿನಲ್ಲಿ ತೊಯ್ದ ಹಿರಿಯರು ಮುಖ ಒರೆಸಿಕೊಳ್ಳುತ್ತ, ನೀವು ಧಾರವಾಡದಿಂದ ಬಂದವರೇ ಎಂದು ನಮ್ಮನ್ನು ವಿಚಾರಿಸಿದರು. ಅವರೇ ದೇಸಾಯರು! ಬರುವ ಬೀಗರಿಗೆ ಚಹಕ್ಕೆ ಹಾಲು ಸಾಲದೆಂದು ತಾವೇ ತಬೇಲಾಕ್ಕೆ ಬಂದಿದ್ದರು.

ಅವರ ಮನೆಯಲ್ಲಿ ಹಾಲಿಲ್ಲದ ಚಹ ಕುಡಿದೆವು. ಎಲ್ಲರಿಂದಲೂ ಸಗಣಿಯ ವಾಸನೆ. ಸುಶೀಲೆ ನನ್ನತ್ತ ನೋಡಲೂ ಇಲ್ಲ. ಅವಳ ಕಣ್ಣಲ್ಲಿ ನೀರು ನಿಂತಿದ್ದು ಕಂಡು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಂಗಿಯ ಪಾಲಿಗೆ ಬಂದ ಒಂದು ಒಳ್ಳೆಯ ಮನೆಯನ್ನು ನಾನು ಕಾರು ಹಾಯಿಸಿ ಕೆಡವಿದ್ದೆ. ದೇಸಾಯರು ಅಂಗಿ ಬದಲಿಸಿಕೊಂಡು ಬಂದು, ಒಳಗೆ ಹೋಗಿ ಅಜ್ಜಿಯ ಹತ್ತಿರ ಏನೋ ಮಾತಾಡಿ, ಹೊರಗೆ ಬಂದು ಕೂತರು.

"ನಾನು ಸತ್ತೆನೋ ಉಳದೆನೋ ಅಂತ ಮೊದಲ ಓಡಿ ಬಂದಾಕಿ ಈಕಿ. ನಮಗ ಹುಡುಗಿ ಪಸಂದ ಅದಾಳ್ರಿ. ನಮ್ಮ ಹುಡುಗನ್ನ ನೀವು ಏನರೆ ಕೇಳೂದಿದ್ರ ಕೇಳ್ರಿ."

ಸುಶೀಲೆ ತಲೆಯೆತ್ತಿದಳು. ನಾನೂ ಉಸಿರು ಬಿಟ್ಟೆ. ಹುಡುಗನ ಓದು, ನೌಕರಿ, ಗೋತ್ರ, ಜಾತಕ ಎಲ್ಲ ಮಾವನವರಿಗೆ ಮೊದಲೇ ಗೊತ್ತಿತ್ತು. ಎದುರಿಗೆ ಕೂತಿದ್ದ ಹುಡುಗನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಕಾರು ಹೊಡೀಲಿಕ್ಕೆ ಬರ್ತದೇನಪಾ?"

ಹುಡುಗ ಪೆಚ್ಚಾದ. ಕಾರು ನಡೆಸಲು ಬಾರದ್ದರಿಂದ ಸಂಬಂಧ ಕೈತಪ್ಪುವುದೆಂದು ಹೆದರಿದನೋ ಏನೋ, ತಲೆ ತಗ್ಗಿಸಿ, ಇಲ್ಲ, ಆದರೆ ಬೇಗ ಕಲಿಯುತ್ತೇನೆ ಎಂದ.

"ಕಲೀಬ್ಯಾಡ," ಎಂದರು ಮಾವನವರು. "ಹುಡುಗಿ ಕೊಟ್ಟೆ."

ಮನೆಯಲ್ಲಿ ಎಲ್ಲರೂ ನಕ್ಕರು. ಒಳಗೆ ಹಾಸಿಗೆಯಲ್ಲಿದ್ದ ಅಜ್ಜಿಯೂ ನಕ್ಕರು. ದೊಡ್ಡ ಅಳಿಯನಿಂದ ಮಾವನವರಿಗೆ ಆದ ಉಪಕಾರ ಅಷ್ಟೇ: ಸಣ್ಣ ಅಳಿಯನನ್ನು ಹೇಗೆ ಆರಿಸಬೇಕೆಂಬುದು ಅವರಿಗೆ ತಿಳಿಯಿತು.