ಭಟ್ಟಿಯ ಸುಳಿ ಹಿಡಿದ ತಂತಿ

"ಎಲ್ಲಿ ಅಣ್ಣ, ನಿನ್ನ ತಂತಿ? ಬರೀ ಎರಡು ಕಡ್ಡಿ ಕಾಣಿಸ್ತಿದೆ," ಎಂದು ಕನಕವಲ್ಲಿ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದಳು.

"ಆ ಕಡ್ಡಿಗಳ ಮಧ್ಯೆ ಇದೆ. ಎಲ್ಲರಿಗೂ ಕಾಣೋ ಹಾಗಿದ್ರೆ ಅದನ್ನ ಮಾಡೋಕೆ ನಾನೇ ಬೇಕಿತ್ತಾ?" ಎಂದ ಅಣ್ಣ ಸಂಪತ್ತು.

ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಿಂದ ನಿವೃತ್ತನಾದ ಮೇಲೆ ಸಂಪತ್ತು ಮನೆಯ ಒಂದು ಸಾಮಾನನ್ನೂ ನೆಟ್ಟಗೆ ಉಳಿಸಿರಲಿಲ್ಲ. ಈಗ ಅವನ ಕಣ್ಣು ತಂಗಿಯ ಬೇಕರಿಯ ಮೇಲೆ ಬಿದ್ದಿತ್ತು. ಅರಸೀಕೆರೆ ಸ್ಟೇಷನ್ನಿನ ಎದುರಿಗಿದ್ದ ಆ ಬೇಕರಿಯ ಸೌದೆ ಭಟ್ಟಿಗೆ ಅಪ್ಪನ ಕಾಲದಿಂದಲೂ ಒಂದು ರೋಗ. ಎಡಗಡೆ ಇಟ್ಟ ಬನ್ನು ಕರಕಲು, ಬಲಗಡೆಯದು ಹಸಿ ಹಿಟ್ಟು. ಅಂದು ಸಂಜೆ ರೈಲ್ವೆ ಕ್ಯಾಂಟೀನಿನ ಬಸವಲಿಂಗಪ್ಪ ಬನ್ನು ನೋಡಲು ಬರುವವನಿದ್ದ. ಒಪ್ಪಿದರೆ ವರ್ಷವಿಡೀ ವ್ಯಾಪಾರ. ಒಪ್ಪದಿದ್ದರೆ ಭಟ್ಟಿ ಆರಿಸಿ ಬಾಗಿಲು ಹಾಕುವುದೇ ಸೈ.

"ಭಟ್ಟಿಯೊಳಗೆ ಬಿಸಿಗಾಳಿ ತೆಪ್ಪಗೆ ಕೂತಿರಲ್ಲ ಕನಕ, ಸುಳಿ ಸುಳಿಯಾಗಿ ಉರುಳಾಡುತ್ತೆ. ಒಂದು ಸುಳಿ ಕೆಂಡ, ಪಕ್ಕದ್ದು ತಣ್ಣಗೆ. ನಿನ್ನ ದಪ್ಪ ಥರ್ಮಾಮೀಟರು ಬಿಸಿಯಾಗೋ ಹೊತ್ತಿಗೆ ಆ ಸುಳಿ ಚಿಮಣಿ ದಾಟಿರುತ್ತೆ. ಈ ತಂತಿ ಕೂದಲಿಗಿಂತ ತೆಳು, ತಕ್ಷಣ ಗೊತ್ತುಮಾಡಿಕೊಳ್ಳುತ್ತೆ. ಅದು ಹೇಳಿದ ಹಾಗೆ ಭಟ್ಟಿಗೆ ಹಾಕಿರೋ ಈ ಫ್ಯಾನುಗಳು ಬಿಸಿ ಸುಳಿಗೆ ತಂಪು ಊದ್ತವೆ, ತಣ್ಣನೆಯದಕ್ಕೆ ಬಿಸಿ."

ಕನಕ ತಂತಿಯ ಹತ್ತಿರ ಬಾಯಿ ತೆರೆದು "ಹಾ" ಎಂದಳು. ತಂತಿಗೆ ಜೋಡಿಸಿದ್ದ ಪೆಟ್ಟಿಗೆಯ ಮೇಲಿನ ಅಳತೆಯ ಮುಳ್ಳು ಬಲಕ್ಕೆ ನೆಗೆಯಿತು. ತುಟಿ ಚೂಪು ಮಾಡಿ "ಫೂ" ಎಂದಳು. ಎಡಕ್ಕೆ ನೆಗೆಯಿತು. ತನ್ನ ಬಾಯಿಂದಲೇ ಬಿಸಿಯೂ ತಂಪೂ ಬರುವುದನ್ನು ಕಂಡು ಅವಳಿಗೆ ಎಷ್ಟು ಮೋಜೆನಿಸಿತೆಂದರೆ ಹಾ, ಫೂ, ಹಾ, ಫೂ ಎನ್ನುತ್ತಲೇ ನಿಂತಳು. ಕೊನೆಗೆ ಸಂಪತ್ತು ರೇಗಿ ಸ್ನಾನಕ್ಕೆ ಹೋದ.

ಹೊಸ ಯಂತ್ರವನ್ನು ಪೂಜೆಯಿಲ್ಲದೆ ಚಾಲೂ ಮಾಡುವುದುಂಟೇ? ಅಣ್ಣ ಮರೆತಿದ್ದಾನೆಂದು ಕನಕ ತಾನೇ ಗಂಧ ತೇಯ್ದಳು. ತಂತಿ ಹರಿಯದಂತೆ ಹೂವಿನ ಎಸಳಿನಲ್ಲಿ ಮೆಲ್ಲಗೆ ಗಂಧ ಸವರಿ, ಮೇಲೊಂದಿಷ್ಟು ಕುಂಕುಮ ಇಟ್ಟು ಕೈಮುಗಿದಳು. ಅದನ್ನು ಭಟ್ಟಿಯೊಳಗೆ ಸಿಕ್ಕಿಸಿ, ಬನ್ನಿನ ತಟ್ಟೆಗಳನ್ನು ತಳ್ಳಿದಳು. ಸಂಪತ್ತು ಬಂದು ಸ್ವಿಚ್ಚು ಒತ್ತಿದ.

ಮೊದಲು ಎಲ್ಲ ಸರಿಯಿತ್ತು. ಬನ್ನುಗಳು ಉಬ್ಬಿ ಮೇಲೆ ತೆಳುವಾಗಿ ಗಟ್ಟಿಯಾದ ಹೊತ್ತಿಗೆ ಭಟ್ಟಿ ಗೊರಕೆ ಹೊಡೆಯತೊಡಗಿತು. ಒಮ್ಮೆ ಉಸಿರೆಳೆದು ಸಂಪತ್ತಿನ ಹೆಗಲ ಮೇಲಿದ್ದ ಟವೆಲನ್ನು ನುಂಗಿತು. ಒಮ್ಮೆ ಉಸಿರು ಬಿಟ್ಟು ಅವನ ಮುಖಕ್ಕೆಲ್ಲ ಬೂದಿ ಬಳಿಯಿತು.

"ಕನಕ, ತಂತಿಗೆ ಏನು ಮಾಡ್ದೆ?"

"ಗಂಧ, ಕುಂಕುಮ ಹಚ್ಚಿದೆ. ಹಚ್ಚಬಾರದಿತ್ತಾ?"

"ಅಯ್ಯೋ, ತಂತಿ ದಪ್ಪ ಆಗೋಯ್ತಲ್ಲೇ! ಈಗ ಅದಕ್ಕೆ ಎಲ್ಲಾ ತಡವಾಗಿ ಗೊತ್ತಾಗುತ್ತೆ. ಬಿಸಿ ಅನ್ನೋಷ್ಟರಲ್ಲಿ ಗಾಳಿ ತಣ್ಣಗಾಗಿರುತ್ತೆ, ಆಗ ಫ್ಯಾನು ಇನ್ನೂ ತಂಪು ಊದುತ್ತೆ."

"ಹಾಗಾದ್ರೆ ಆರಿಸು."

"ಸ್ವಿಚ್ಚು ಅಲ್ಲಿ, ಭಟ್ಟಿ ಬಾಯಿ ಪಕ್ಕದಲ್ಲೇ ಇದೆ."

"ಅಲ್ಯಾಕೆ ಇಟ್ಟೆ ಮಾರಾಯ?"

"ನೀನು ಮುಟ್ಟಬಾರದು ಅಂತ."

ಕನಕಳಿಗೆ ಅಳು ಬಂತು. ಅಪ್ಪನ ಭಟ್ಟಿ ಕೈಬಿಟ್ಟುಹೋಯಿತೆಂದೇ ಅಂದುಕೊಂಡಳು. ಆದರೂ ಒಳಗೇನಾಗುತ್ತಿದೆ ಎಂದು ನೋಡದೆ ಇರಲಾಗಲಿಲ್ಲ. ದೂರದಿಂದಲೇ ಬಗ್ಗಿ ನೋಡಿದರೆ ತಟ್ಟೆಗಳೆಲ್ಲ ಖಾಲಿ. ಬನ್ನುಗಳು ಗಾಳಿಯಲ್ಲಿ ತೇಲುತ್ತ, ಸುಳಿಯೊಳಗೆ ಗಿರಗಿರ ತಿರುಗುತ್ತ, ಎಡಬಲ ಮೇಲೆಕೆಳಗೆ ಉರುಳುತ್ತಿದ್ದವು. ಅಷ್ಟು ದಿನ ಕಣ್ಣಿಗೆ ಬೀಳದ ಗಾಳಿಯ ಸುಳಿಗಳು ಈಗ ಬನ್ನುಗಳಿಂದಾಗಿ ಕಾಣುತ್ತಿದ್ದವು. ಅವಳು ಅಳುವುದನ್ನು ಮರೆತು ನೋಡಿದಳು.

ಭಟ್ಟಿ ಕೊನೆಯದಾಗಿ ಒಂದು ದೊಡ್ಡ ಸೀನು ಸೀನಿತು. ಬನ್ನುಗಳೆಲ್ಲ ಸಾಲಾಗಿ ಚಿಮಣಿಯಿಂದ ಹಾರಿ, ರಸ್ತೆ ದಾಟಿ, ಸ್ಟೇಷನ್ನಿನ ಕಡೆ ಹೋದವು. ಫ್ಯಾನುಗಳು ಸುಟ್ಟು ಯಂತ್ರ ತಾನಾಗಿಯೇ ನಿಂತಿತು.

ಬಸವಲಿಂಗಪ್ಪ ಸ್ವಲ್ಪ ಹೊತ್ತಿಗೆ ಬಂದ. ಬಿಚ್ಚಿದ ಕೊಡೆಯನ್ನು ತಲೆಕೆಳಗಾಗಿ ಹಿಡಿದಿದ್ದ, ಅದರ ತುಂಬ ಬನ್ನು. ಒಂದನ್ನು ಕಚ್ಚಿ, ತಿರುಗಿಸಿ ತಿರುಗಿಸಿ ನೋಡಿದ. ಕೆಳಗೂ ಮೇಲೂ ಒಂದೇ ಕೆಂಬಣ್ಣ, ಎಲ್ಲೂ ಕರಕಲಿಲ್ಲ.

"ಏನ್ ಕನಕಮ್ಮನೋರೇ, ಇಷ್ಟು ಚೆನ್ನಾಗಿ ಬೇಯಿಸೋದು ಎಲ್ಲಿ ಕಲಿತ್ರಿ?"

ಕನಕ ಅಣ್ಣನ ಮುಖ ನೋಡಿದಳು. ಅವನು ಅಂಗಿಯ ತುದಿಯಿಂದ ಮುಖದ ಬೂದಿ ಒರೆಸಿಕೊಳ್ಳುತ್ತಿದ್ದ.

"ಎಲ್ಲಾ ನಮ್ಮಣ್ಣನ ಕೆಲಸ," ಎಂದಳು.

"ಹಂಗಾದ್ರೆ ನಮ್ಮ ಕ್ಯಾಂಟೀನಿಗೆ ಬನ್ನು ಇನ್ಮೇಲೆ ನಿಮ್ಮದೇ," ಎಂದ ಬಸವಲಿಂಗಪ್ಪ ಕೊಡೆಯಿಂದ ಇನ್ನೊಂದನ್ನು ಆರಿಸಿಕೊಳ್ಳುತ್ತ. "ಆದ್ರೆ ದಯವಿಟ್ಟು ಸೈಕಲ್ ಮೇಲೆ ಕಳಿಸಿಕೊಡಿ."