ಗ್ರಂಥಾಲಯಕ್ಕೆ ಬಂದ ಕಾಯಿಲೆಗಳು

"ರತ್ನಿ, ನಿಮ್ಮ ಡಾಕ್ಟ್ರುಗಳು ಲೈಬ್ರರಿಗೆ ಬಂದು ಏನ್ ಮಾಡ್ತಾರೆ?" ಎಂದು ಚಿಕ್ಕಲಿಂಗಯ್ಯ ಭಾವ ಕೇಳಿದರು.

"ನಿದ್ದೆ ಮಾಡ್ತಾರೆ," ಎಂದೆ. ಸುಳ್ಳು ಹೇಳುವುದೇಕೆ?

"ಹಂಗಾದ್ರೆ ನಿದ್ದೇಲೇ ಓದಿಸ್ಬೇಕು!" ಎಂದವರೇ ಚೀಲದಿಂದ ಕುಕ್ಕರಿನಷ್ಟು ದಪ್ಪದ ಯಂತ್ರವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದು ಗುಂಯ್ ಎಂದು ಸಣ್ಣಗೆ ಹಾಡುತ್ತ ನೀಲಿ ಬೆಳಕು ಚೆಲ್ಲಿತು. "ಇದರ ಹೆಸರು ಸ್ವಪ್ನಾಕರ!"

ಭಾವ ನನ್ನ ಅಕ್ಕನ ಗಂಡ. ಅವರ ಸಂಶೋಧನೆಗಳ ದೆಸೆಯಿಂದ ಅಕ್ಕನ ಮನೆಯಲ್ಲಿ ನೆಟ್ಟಗಿರುವ ಸಾಮಾನು ಒಂದೂ ಉಳಿದಿಲ್ಲ. ಆದರೂ ಒಪ್ಪಿದೆ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ!

ಮಂಡ್ಯದ ಪುಟ್ಟತಾಯಮ್ಮ ಸ್ಮಾರಕ ಆಸ್ಪತ್ರೆಯ ಗ್ರಂಥಪಾಲಕಿ ನಾನು. ಕಾಯಿಲೆಯ ಹೆಸರು ಹೊಡೆದರೆ ಲಕ್ಷಣ, ಔಷಧಿ, ಪ್ರಮಾಣ ಎಲ್ಲವನ್ನೂ ಹೇಳುವ ತಂತ್ರಾಂಶವೊಂದು ನಮ್ಮ ಕಂಪ್ಯೂಟರಿನಲ್ಲಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡ ವೈದ್ಯರು ಬಂದು ಏಸಿ ಗಾಳಿಗೆ ಕುರ್ಚಿಯಲ್ಲೇ ಒರಗುತ್ತಿದ್ದರು. "ಈ ತಿಂಗಳೊಳಗೆ ಯಾರೂ ಅದನ್ನ ಬಳಸ್ಲಿಲ್ಲ ಅಂದ್ರೆ ಲೈಬ್ರರಿ ಮುಚ್ಚಿ ಸ್ಕ್ಯಾನಿಂಗ್ ರೂಮ್ ಮಾಡ್ತೀನಿ. ನೀವು ಬಿಲ್ ಕೌಂಟರಿಗೆ ಹೋಗಿ," ಎಂದು ಸೂಪರಿಂಟೆಂಡೆಂಟ್ ಡಾ. ಮರಿಸ್ವಾಮಿ ಅಂದುಬಿಟ್ಟಿದ್ದರು. ನನಗೆ ಆ ಕೋಣೆಯೆಂದರೆ ಪ್ರಾಣ. ಹಳೆಯ ತಂತ್ರಾಂಶವನ್ನು ನಿಲ್ಲಿಸಿ, ಅದರ ಮಾಹಿತಿಯನ್ನೆಲ್ಲ ತುಂಬಿದ ಸ್ವಪ್ನಾಕರವನ್ನೇ ಹಚ್ಚಿದೆ.

"ಕನಸಲ್ಲಿ ಅಕ್ಷರ ನಿಲ್ಲಲ್ಲ," ಎಂದು ಭಾವ ವಿವರಿಸಿದರು. "ಅದಕ್ಕೇ ಒಂದೊಂದು ಕಾಯಿಲೆಗೂ ಒಂದೊಂದು ಮುಖ, ಒಂದೊಂದು ಬಾಯಿ ಕೊಟ್ಟಿದ್ದೀನಿ. ಅವೇ ಬಂದು ತಮ್ಮ ವಿಚಾರ ಹೇಳ್ಕೋತವೆ!"

ಮಧ್ಯಾಹ್ನವಾಯಿತು. ಕಿಟಕಿಯ ಪರದೆಗಳೆಲ್ಲ ನೀಲಿಯಾಗಿ ಮೆಲ್ಲಗೆ ಅಲ್ಲಾಡಿದವು. ಡಾ. ಹೊನ್ನಪ್ಪ ನಿದ್ದೆಯಲ್ಲೇ ನಸುನಕ್ಕು, "ಬನ್ನಿ, ಕೂತ್ಕೊಳ್ಳಿ," ಎಂದರು. ನನಗೂ ಜೊಂಪು ಹತ್ತಿತು. ಕಪಾಟುಗಳ ನಡುವೆ ಯಾರೋ ಓಡಾಡುತ್ತಿದ್ದರು. ತೆಳ್ಳನೆಯ ನೆಗಡಿಯೊಂದು ಕರವಸ್ತ್ರ ಹಿಡಿದು ಪುಸ್ತಕಗಳ ಬೆನ್ನು ಸವರುತ್ತಿತ್ತು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಚಳಿಜ್ವರ ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿತು. ಎಂಥ ವಿನಯ! ಇಷ್ಟು ಮರ್ಯಾದಸ್ಥ ಓದುಗರು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಮನಸ್ಸು ತುಂಬಿ ಬಂತು.

ಫಜೀತಿ ಶುರುವಾದದ್ದು ಎಲ್ಲರೂ ಎದ್ದ ಮೇಲೆ. ಕೆಮ್ಮುತ್ತ ಬಂದ ಕಾಳಮ್ಮನಿಗೆ ಡಾ. ಹೊನ್ನಪ್ಪ ಔಷಧಿಯನ್ನೇ ಬರೆಯಲಿಲ್ಲ.

"ನಿಮ್ಮ ಕೆಮ್ಮು ನಂಗೆ ಸಿಕ್ಕಿತ್ತು ಕಣಮ್ಮ. ಪಾಪ, ದೂರದಿಂದ ಬಂದದೆ. ನಾಲ್ಕು ದಿನ ಇದ್ದು ಹೋಗ್ತೀನಿ ಅಂತು."

"ಅಯ್ಯೋ ನಿಮ್ಮನೆ ಕಾಯ್ವೋಗ! ಎದೆ ಕಿತ್ಕೊಂಡ್ ಬತ್ತಾದೆ, ಓಡ್ಸಿ ಸ್ವಾಮಿ ಅದ್ನ!"

"ಮನೆಗೆ ಬಂದೋರನ್ನ ಊಟಕ್ಕಿಕ್ದೆ ಕಳ್ಸಕ್ಕಾಯ್ತದಾ? ನೀವೂ ಮಂಡ್ಯದೋರೇ ಅಲ್ವಾ?"

ಕಾಳಮ್ಮ ಮುಂದಕ್ಕೆ ಬಾಗಿದರು. ಆಮೇಲೆ ದನಿ ತಗ್ಗಿಸಿ, "ಬಸ್ಸಾರು ತಿಂತದಾ?" ಎಂದು ಕೇಳಿದರು!

ಸಂಜೆಯ ಹೊತ್ತಿಗೆ ಮಕ್ಕಳ ಡಾಕ್ಟರು ಕೆನ್ನೆ ಊದಿದ ಮಂಗನಬಾವಿಗೆಂದು ಚಕ್ಕುಲಿ ತರಿಸಿದ್ದರು. ಮೂಳೆ ಡಾಕ್ಟರು ಸೊಂಟನೋವಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ನಿಂತೇ ಇದ್ದರು. ರೋಗಿಗಳ ಕಡೆಯವರು ಬಾಗಿಲಲ್ಲಿ ಜಗಳಕ್ಕೆ ನಿಂತರು. ನಾನು ಭಾವನಿಗೆ ಫೋನು ಮಾಡಿದೆ.

"ಭಾವ, ಈ ಕಾಯಿಲೆಗಳು ಹೋಗ್ತಾನೇ ಇಲ್ಲ!"

"ಯಾಕ್ ಹೋಗ್ತವೆ? ಅಷ್ಟು ಮರ್ಯಾದೆ ಕಲ್ಸಿ ಕಳ್ಸಿದ್ದೀನಿ, ಎಲ್ರೂ ಇಟ್ಕೋತಾರೆ!"

"ನಿಮ್ಮ ಮರ್ಯಾದೆಗೆ ಬೆಂಕಿ ಹಾಕ! ನನ್ನ ಲೈಬ್ರರಿ ಹೋಗ್ತದೆ!"

ಅಷ್ಟರಲ್ಲಿ ಡಾ. ಮರಿಸ್ವಾಮಿ ಕೆಂಡವಾಗಿ ಒಳಗೆ ಬಂದರು. "ಬೀಗದ ಕೈ ಕೊಡಿ. ಇವತ್ತಿಗೆ ಮುಗೀತು!" ನಾನು ಮೇಜಿನ ಖಾನೆ ತಡಕಾಡಿದೆ. ಕಾದು ಸಾಕಾಗಿ ಅವರು ಕುರ್ಚಿಯಲ್ಲಿ ಕೂತರು. ಯಂತ್ರ ಗುಂಯ್ ಎಂದಿತು. ಕಣ್ಣು ಮುಚ್ಚಿಯೇ ಬಿಟ್ಟರು! ನಾನು ಖಾನೆಯನ್ನು ಸದ್ದಾಗದಂತೆ ಮುಚ್ಚಿದೆ.

ಎಚ್ಚರವಾದಾಗ ಅವರ ಕೆನ್ನೆ ಒದ್ದೆಯಾಗಿತ್ತು.

"ನನ್ನ ಸಕ್ಕರೆ ಕಾಯಿಲೆ ಬಂದಿತ್ತು ರತ್ನಮಾಲಾ ಅವ್ರೇ. ಮದುವೆ ಆದಾಗಿಂದ ಜೊತೇಲದೆ, ಒಂದು ದಿನವೂ ನಾನು ಹೆಂಗಿದ್ದೀಯಾ ಅಂತ ಕೇಳಿಲ್ವಂತೆ. ಮೈಯೊಳಗೇ ಇದ್ದು ಇದ್ದು ಬೇಜಾರಾಗಿದೆ, ಮಧ್ಯಾಹ್ನದ ಹೊತ್ತು ಕೂರಕ್ಕೊಂದು ಜಾಗ ಕೊಡ್ಸಿ ಅಂತು."

"ಸ್ಕ್ಯಾನಿಂಗ್ ರೂಮು, ಸಾರ್?"

"ಬೇರೆ ಕಡೆ ಮಾಡಣ ಬಿಡಿ."

ಈಗ ಪ್ರತಿ ಮಧ್ಯಾಹ್ನ ಆಸ್ಪತ್ರೆಯ ಕಾಯಿಲೆಗಳೆಲ್ಲ ಲೈಬ್ರರಿಗೆ ಬಂದು ನೀಲಿ ಬೆಳಕಿನಲ್ಲಿ ಕೂರುತ್ತವೆ. ಅಷ್ಟು ಹೊತ್ತು ವಾರ್ಡುಗಳಲ್ಲಿ ಯಾರಿಗೂ ಏನೂ ಇರುವುದಿಲ್ಲ! ಕಾಳಮ್ಮ ಒಂದು ಸಲವೂ ಕೆಮ್ಮದೆ ಸೊಸೆಯನ್ನು ಬೈಯುತ್ತಾರೆ. ಡಾ. ಮರಿಸ್ವಾಮಿ ಜಿಲೇಬಿ ತಿನ್ನುತ್ತಾರೆ. ನಾನು ಬಾಗಿಲು ಹಾಕಿದೊಡನೆ ಕಾಯಿಲೆಗಳು ಮೆಲ್ಲಗೆ ಎದ್ದು, ನನಗೆ ಕೈಮುಗಿದು, ತಂತಮ್ಮವರ ಬಳಿಗೆ ಹೊರಡುತ್ತವೆ. ಕುರ್ಚಿಗಳೆಲ್ಲ ಭರ್ತಿಯಾಗಿ ಮಲಗಲು ಜಾಗ ಸಿಗದ ವೈದ್ಯರು ಬೇರೆ ದಾರಿಯಿಲ್ಲದೆ ಹಳೆಯ ತಂತ್ರಾಂಶವನ್ನೇ ಮತ್ತೆ ಹಾಕಿಸಿಕೊಂಡು ಓದತೊಡಗಿದ್ದಾರೆ.

ಲೈಬ್ರರಿಯನ್ನು ಹಗಲೂ ರಾತ್ರಿ ತೆರೆದಿಡಬೇಕೆಂದು ಊರಿಗೆ ಊರೇ ನನ್ನ ಬೆನ್ನು ಬಿದ್ದಿದೆ. ಓದುವ ಆಸೆಯಿಂದಲ್ಲ, ಬಿಡಿ.